ಟೈಲರ್ ಜಯಪ್ಪನವರ ಕೈ

೧೧ ಜನವರಿ ೧೯೬೫, ಸೋಮವಾರ. ಬೆಳಿಗ್ಗೆ ಏಳೂವರೆ

ಎರಡು ಪ್ಯಾಂಟು, ಒಂದು ಜುಬ್ಬ, ಪೋಸ್ಟ್ ಮಾಸ್ಟರ ಹೆಂಡತಿಯ ಎರಡು ಬ್ಲೌಸು. ಕತ್ತರಿಸಿ ಆಯ್ತು. ತುಂಡುಗಳನ್ನ ಬೇರೆ ಬೇರೆ ಕಟ್ಟಿ ಚೀಲದ ತಳಕ್ಕೆ ಹಾಕಿದೆ. ಮೇಲೆ ಟವೆಲು, ಅದರ ಮೇಲೆ ನಮ್ಮ ಯಜಮಾನರ ಎಲೆಅಡಿಕೆ ಡಬ್ಬಿ. ಎಂಟಕ್ಕೆ ಚೀಲ ಅಂಗಡಿಗೆ ಹೋಗುತ್ತೆ. ಅಲ್ಲಿ ಮಾರಪ್ಪ ಮಷೀನಿಗೆ ಹಾಕ್ತಾನೆ. ಇಪ್ಪತ್ತು ವರ್ಷದಿಂದ ಇವರ ಅಂಗಡೀಲಿ ಇರೋನು. ಕತ್ತರಿಸೋದು ನಾನು ಅಂತ ಅವನಿಗೆ ಗೊತ್ತು. ಬೇರೆ ಯಾರಿಗೂ ಗೊತ್ತಿಲ್ಲ.

ಎರಡು ವರ್ಷ ಆಗ್ತಾ ಬಂತು. ಆ ಬೇಸಿಗೆ ಸೊರಬದ ಕಡೆ ಮದುವೆ ಮನೇಲಿ ಕೂತು ಹೊಲಿಯೋಕೆ ಹೋದವರು ಮಂಗನ ಕಾಯಿಲೆ ಹತ್ತಿಸಿಕೊಂಡು ಬಂದರು. ಜೀವ ಉಳೀತು. ಬಲಗೈಯಲ್ಲಿ ನಡುಕವೂ ಉಳೀತು. ಡಾಕ್ಟರು ಹೋಗುತ್ತೆ ಅಂದಿದ್ದರು. ಹೋಗಲಿಲ್ಲ. ಅಳತೆ ತಗೊಳ್ತಾರೆ, ಟೇಪು ಹಿಡಿಯೋಕೆ ಅಡ್ಡಿಯಿಲ್ಲ. ಗೆರೆ ಎಳೆಯೋ ಚಾಕ್ ಪೀಸು, ಕತ್ತರಿ ಹಿಡಿಯೋಕೆ ಆಗಲ್ಲ. ನನಗೆ ಕಟ್ಟಿಂಗ್ ಕಲಿಸಿದ್ದೂ ಇವರೇ, ಮದುವೆ ಆದ ಹೊಸದರಲ್ಲಿ, ಮಳೆಗಾಲದಲ್ಲಿ ಹೊತ್ತು ಹೋಗ್ಲಿ ಅಂತ. ಈಗ ಅದೇ ಅನ್ನ.

ಸಾಗರದ ಪೇಟೇಲಿ ಈಗಲೂ ಮಾತು ಒಂದೇ. ಕಟ್ಟಿಂಗ್ ಅಂದ್ರೆ ಜಯಪ್ಪನ ಕೈ.

೧೩ ಜನವರಿ

ವರದಮ್ಮ ಬಂದಿದ್ದರು. ಮಿಡ್ಲ್ ಸ್ಕೂಲ್ ಹೆಡ್ ಮೇಷ್ಟ್ರ ಹೆಂಡತಿ, ಮಹಿಳಾ ಸಮಾಜದ ಅಧ್ಯಕ್ಷರು. ಸರ್ಕಾರದ ಬ್ಲಾಕ್ ಆಫೀಸಿನವರು ಎರಡು ಹೊಲಿಗೆ ಮಷೀನು ಕೊಡ್ತಾರಂತೆ. ಎಂಟು ಹುಡುಗೀರು ಇರಬೇಕು, ಮೂರು ತಿಂಗಳು ಕ್ಲಾಸು ನಡೀಬೇಕು. ಆಮೇಲೆ ಆ ಆಫೀಸಿನ ಮುಖ್ಯಸೇವಿಕೆ ಬಂದು ನೋಡ್ತಾರೆ. ಎಂಟು ಜನ ಇದ್ದು, ಕಲಿತಿದ್ದಾರೆ ಅನ್ನಿಸಿದ್ರೆ ಮಷೀನು ಇಲ್ಲೇ ಉಳೀತವೆ. ಇಲ್ಲದಿದ್ರೆ ಬೇರೆ ಊರಿಗೆ.

ಜಾಗ ಬೇಕು, ಕಲಿಸೋರು ಬೇಕು. ಜಯಪ್ಪನ ಹೆಂಡತಿಗೆ ಒಂದು ಚೂರಾದರೂ ಬರದೇ ಇರುತ್ತಾ ಅಂತ ಬಂದದ್ದಂತೆ.

ಒಂದು ಚೂರು. ಕಾಫಿ ಲೋಟ ಕೊಡುವಾಗ ನಗು ತಡ್ಕೊಂಡೆ. ಕೇಳಿ ಹೇಳ್ತೀನಿ ಅಂದೆ.

೧೫ ಜನವರಿ

ಹಬ್ಬ ಕಳೀಲಿ ಅಂತ ಕಾದು ಇವತ್ತು ಕೇಳಿದೆ. ಇವರು ಒಂದೊಂದೇ ತಕರಾರು ತೆಗೆದರು. ಹುಡುಗೀರು ಮನೆ ತುಂಬ ಓಡಾಡ್ತಾರೆ. ತುಂಡು ಬಟ್ಟೆ ಎಲ್ಲೆಲ್ಲೋ ಬಿದ್ದಿರುತ್ತೆ. ಯಾರಾದ್ರೂ ನೋಡ್ತಾರೆ. ನಾನು ಎಲ್ಲದಕ್ಕೂ ಉತ್ತರ ಇಟ್ಕೊಂಡಿದ್ದೆ. ಕಟ್ಟಿಂಗ್ ಬೆಳಿಗ್ಗೆ ಐದಕ್ಕೇ ಶುರು ಮಾಡ್ತೀನಿ, ಎಂಟರೊಳಗೆ ಗುಡಿಸಿ ಬಿಡ್ತೀನಿ. ಕ್ಲಾಸು ಮಧ್ಯಾಹ್ನ ಎರಡರಿಂದ ನಾಲ್ಕು.

ಕೊನೆಗೆ ಹೇಳಿದ್ದು ಇದು — "ನೀನು ಕಲಿಸೋಕೆ ಕೂತ್ರೆ ನಿನ್ನ ಕೈ ಎಲ್ಲರಿಗೂ ಕಾಣುತ್ತೆ, ಯಮುನಾ."

ನನಗೆ ಬೇಕಾದದ್ದೂ ಅದೇ. ಹಾಗಂತ ಹೇಳಲಿಲ್ಲ. ಬರೀ ಲಂಗ, ಫ್ರಾಕು, ಬ್ಲೌಸು ಹೇಳ್ಕೊಡ್ತೀನಿ, ಗಂಡಸರ ಬಟ್ಟೆ ಮುಟ್ಟಲ್ಲ ಅಂದೆ. ಆಯ್ತು ಅಂದರು. ಮುಖ ಆಯ್ತು ಅನ್ನಲಿಲ್ಲ.

೨೮ ಜನವರಿ

ಮಷೀನು ಬಂದವು. ಗಾಡೀಲಿ ಹುಲ್ಲಿನ ಮೇಲೆ ಮಲಗಿಸಿ ತಂದರು. ಒಂದರ ಬೆಲ್ಟು ಸಡಿಲ, ಇನ್ನೊಂದು ಚೆನ್ನಾಗಿದೆ.

ಮುಂದಿನ ಕೋಣೆ ಖಾಲಿ ಮಾಡಿದ್ದಾಯ್ತು. ಅಕ್ಕಿ ಡ್ರಮ್ಮು ಅಡಿಗೆಮನೆಗೆ, ಮಂಚ ಒಳಕೋಣೆಗೆ. ಮಾರಪ್ಪ ಎಲ್ಲಿಂದಲೋ ಹಳೇ ಬಾಗಿಲೊಂದನ್ನ ಹೊರಿಸಿ ತಂದ. ನಾಲ್ಕು ಗೂಟದ ಮೇಲೆ ಅದನ್ನ ಮಲಗಿಸಿದರೆ ಕಟ್ಟಿಂಗ್ ಮೇಜು. ಇವರೇ ನಿಂತು ಮಾಡಿಸಿದರು. ನನ್ನ ಸೊಂಟದ ಎತ್ತರ ನೋಡಿ ಗೂಟ ಎರಡು ಬೆರಳು ಎತ್ತರ ಮಾಡಿಸಿದರು. ಬಗ್ಗಿ ಕತ್ತರಿಸಿದ್ರೆ ಕತ್ತರಿ ಗೆರೆ ಬಿಟ್ಟು ಓಡುತ್ತೆ ಅಂದರು. ಒಂದು ಮೂಲೆ ಅಲ್ಲಾಡ್ತಿತ್ತು, ರಟ್ಟು ಮಡಚಿ ಕೊಟ್ಟರು. ಆ ಹೊತ್ತು ಹಳೇ ಜಯಪ್ಪ ಟೈಲರೇ ಕಂಡ ಹಾಗಾಯ್ತು.

ಕಿಟಕಿಗೆ ಪರದೆ ಹಾಕು ಅಂತಲೂ ಹೇಳಿದರು. ಹಾಕಿದೆ.

೧ ಫೆಬ್ರವರಿ, ಸೋಮವಾರ

ಎಂಟು ಜನ. ಎಲ್ಲರೂ ಹೊಸ ಸೀರೆ, ಹೊಸ ಲಂಗ ಉಟ್ಟು ಬಂದಿದ್ದರು, ಮದುವೆಗೆ ಬಂದ ಹಾಗೆ. ದಾರ ಇಲ್ಲದೆ, ಗೆರೆ ಕಾಗದದ ಮೇಲೆ ಬರೀ ಸೂಜಿ ಓಡಿಸೋಕೆ ಕೊಟ್ಟೆ. ಗೆರೆ ಬಿಡದ ಹಾಗೆ ತೂತು ಬೀಳಬೇಕು. ನಮ್ಮ ಬೀದಿ ಗುತ್ಯಮ್ಮನ ಮಗಳು ಮೀನಾಕ್ಷಿದು ಹಾವು ಹರಿದ ಹಾಗಿತ್ತು. ಅವಳೇ ನಕ್ಕಳು.

ಸರೋಜ ಅಂತ ಒಬ್ಬಳು. ಎಸ್.ಎಸ್.ಎಲ್.ಸಿ. ಆಗಿದೆ, ಇಲ್ಲಿ ಸೋದರತ್ತೆ ಮನೇಲಿದ್ದಾಳೆ. ಮೊದಲ ಕಾಗದದಲ್ಲೇ ಗೆರೆ ತಪ್ಪಲಿಲ್ಲ. ತೀರ್ಥಹಳ್ಳಿ ಕಡೆಯ ಚಂದ್ರಯ್ಯ ಗೌಡ್ರ ಮಗಳಂತೆ.

ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ತುತ್ತು ಕೈಯಲ್ಲೇ ನಿಂತಿತು. ಇವರ ಅಪ್ಪ ತಿಮ್ಮಣ್ಣ ಆ ಚಂದ್ರಯ್ಯನವರ ಮನೆಗೇ ಗೇಣಿ ಮಾಡ್ತಿದ್ದದ್ದು. ಸಾಯೋ ತನಕ. ಗೇಣಿ ಭತ್ತ ಅಳೆಯೋಕೆ ಹೋದಾಗೆಲ್ಲ ಅಂಗಳದಲ್ಲಿ ನಿಂತೇ ಇರ್ತಿದ್ದರಂತೆ, ಒಂದು ದಿನವೂ ಜಗಲಿ ಹತ್ತಿದವರಲ್ಲ. ಅದನ್ನ ನೋಡಿಯೇ ಇವರು ಹದಿನೈದಕ್ಕೆ ಮನೆ ಬಿಟ್ಟು ಶಿವಮೊಗ್ಗಕ್ಕೆ ಟೈಲರಿಂಗ್ ಕಲಿಯೋಕೆ ಹೋದದ್ದು.

೧೨ ಫೆಬ್ರವರಿ

ಚಾಪೆ ಮಡಚುವಾಗ ಮೀನಾಕ್ಷಿಗೆ ಖಾಕಿ ಬಟ್ಟೆಯ ತುಂಡೊಂದು ಸಿಕ್ಕಿತು. ಬೆಳಿಗ್ಗೆ ಫಾರೆಸ್ಟ್ ಗಾರ್ಡಿನ ಪ್ಯಾಂಟು ಕತ್ತರಿಸಿದ್ದು, ಗುಡಿಸಿದ್ದರಲ್ಲಿ ಉಳಿದುಬಿಟ್ಟಿದೆ. ಇದು ಯಾವ ಫ್ರಾಕಿಗೆ ಅಕ್ಕ ಅಂದಳು. ಒರೆಸೋ ಬಟ್ಟೆ ಅಂದು ಕಿತ್ಕೊಂಡು ಒಲೆಗೆ ಹಾಕಿದೆ. ಒರೆಸೋ ಬಟ್ಟೆಯನ್ನ ಯಾರು ಒಲೆಗೆ ಹಾಕ್ತಾರೆ… ಸರೋಜ ನೋಡ್ತಿದ್ದಳು.

ನಾಳೆಯಿಂದ ಎರಡು ಸಲ ಗುಡಿಸಬೇಕು.

೩ ಮಾರ್ಚ್

ಇವತ್ತು ಇವರ ನಡಿಗೆಯೇ ಬೇರೆ ಇತ್ತು. ಚಂದ್ರಯ್ಯ ಗೌಡ್ರು ಅಂಗಡಿಗೆ ಬಂದಿದ್ದರಂತೆ, ಮಗನ್ನ ಕರ್ಕೊಂಡು. ಇಪ್ಪತ್ತೆಂಟಕ್ಕೆ ಅವನ ಮದುವೆ. ಕುತ್ತಿಗೆ ತನಕ ಗುಂಡಿ ಇರೋ ಕ್ಲೋಸ್ ಕೋಟು ಹೊಲೀಬೇಕು. ಬೂದು ಬಣ್ಣದ ಉಣ್ಣೆ ಬಟ್ಟೆ, ತೀರ್ಥಹಳ್ಳಿಯಲ್ಲೇ ತಗೊಂಡದ್ದು. ಮುಟ್ಟಿದ್ರೆ ಬೆಕ್ಕಿನ ಮೈ ಮುಟ್ಟಿದ ಹಾಗೆ.

ಗೌಡ್ರು ಅಂದರಂತೆ, ಕೋಟು ನೀನೇ ತಂದುಕೊಡಬೇಕು ಜಯಪ್ಪ, ಬಂದವನು ಜಗಲೀಲಿ ಕೂತು ಊಟ ಮಾಡ್ಕೊಂಡು ಹೋಗಬೇಕು. ಇವರು ಇದನ್ನ ಮೂರು ಸಲ ಹೇಳಿದರು. ಮೂರನೇ ಸಲ ಹೇಳುವಾಗ ದನಿ ಒಡೀತು.

ಆಮೇಲೆ, "ಇದೊಂದನ್ನ ನಾನೇ ಕತ್ತರಿಸ್ತೀನಿ."

ಮೊದಲು ಪೇಪರ್ ಮೇಲೆ ನೋಡಿ ಅಂದೆ. ಹಳೇ ಪೇಪರ್ ಹಾಸಿ ಗೆರೆ ಎಳೆದು ಕೊಟ್ಟೆ. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡ್ಕೊಂಡು ಕತ್ತರಿ ನಡೆಸಿದರು. ಇಲಿ ಕಡಿದ ಹಾಗೆ ಬಂತು. ಪೇಪರ್ ಮಡಚಿ ಜೇಬಿಗೆ ಹಾಕ್ಕೊಂಡರು. ನೀನೇ ಮಾಡು ಅಂದರು.

೮ ಮಾರ್ಚ್. ಸಂಜೆ

ಬ್ಲೌಸಿನ ಕಟ್ಟಿಂಗ್ ಹೇಳ್ಕೊಡ್ತಿದ್ದೆ. ತೋಳು ಕೂರೋ ಜಾಗಕ್ಕೆ ಗುರುತು ಬೇಕು. ಎಲ್ಲಾ ಟೈಲರೂ ಅಲ್ಲಿ ಒಳಕ್ಕೆ ಒಂದು ಕಚ್ಚು ಕೊಡ್ತಾರೆ. ನಾನು ಹೊರಗೆ ಒಂದು ಸಣ್ಣ ಮೂಗು ಬಿಡ್ತೀನಿ, ಅಕ್ಕಿಕಾಳಿನಷ್ಟು. ಬಟ್ಟೆ ಸವೆದರೂ ಕಚ್ಚಿನ ಹತ್ರ ಹರಿಯಬಾರದು ಅಂತ. ಇದು ನನ್ನದೇ. ಇವರು ಹೀಗೆ ಮಾಡ್ತಿರಲಿಲ್ಲ.

ಸರೋಜ ಚೀಲದಿಂದ ಅವಳ ಅತ್ತೆಯ ಬ್ಲೌಸೊಂದನ್ನ ತೆಗೆದಳು. ಮಾದರಿಗೆ ಅಂತ ಹೊಲಿಗೆ ಬಿಚ್ಚಿದ್ದಾಳೆ. ಹೋದ ದೀಪಾವಳಿಗೆ ನಮ್ಮ ಅಂಗಡೀಲಿ ಹೊಲಿಸಿದ್ದು.

"ಅಕ್ಕಾ, ಇದರಲ್ಲೂ ಇದೇ ಮೂಗು ಇದೆ ನೋಡಿ. ಅಂಗಡಿ ಕಟ್ಟಿಂಗೂ ನಿಮ್ಮದೇನಾ?"

ಎಂಟು ಜನರ ಎದುರಿಗೆ. ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ, ಖುಷಿಯಲ್ಲಿ ಕೇಳಿದ್ದು. ಇವರೇ ನನಗೆ ಕಲಿಸಿದ್ದು, ಅದಕ್ಕೇ ಒಂದೇ ಥರ ಅಂದೆ. ಸರೋಜ ಹೌದಾ ಅಂದು ಸುಮ್ಮನಾದಳು. ಮೀನಾಕ್ಷಿ ಸುಮ್ಮನಾಗಲಿಲ್ಲ, ಪಕ್ಕದವಳ ಕಿವೀಲಿ ಏನೋ ಹೇಳಿದಳು. ಇಬ್ಬರೂ ನನ್ನ ಕೈ ನೋಡಿದರು.

ಇವರಿಗೆ ಹೇಳಿಲ್ಲ.

೧೧ ಮಾರ್ಚ್

ಮಾರಪ್ಪ ಹಿತ್ತಲ ಬಾಗಿಲಿಗೆ ಬಂದು ಹೇಳಿ ಹೋದ. ಅಡಿಕೆ ಮಂಡಿ ಮುಕುಂದಯ್ಯ ಅಂಗಡಿಗೆ ಬಂದಿದ್ದರಂತೆ. ನಾಲ್ಕು ಜನ ಕೂತಿದ್ದಾಗಲೇ, ಏನು ಜಯಪ್ಪ, ನನ್ನ ಪ್ಯಾಂಟು ನಿನ್ನ ಹೆಂಡ್ತಿ ಕತ್ತರಿಸ್ತಾಳಂತೆ ಹೌದಾ ಅಂತ ಕೇಳಿದರಂತೆ. ಗುತ್ಯಮ್ಮನ ಬಾಯಿಂದ ಮುಕುಂದಯ್ಯನವರ ಹೆಂಡತಿಗೆ, ಹೆಂಡತಿಯಿಂದ ಮುಕುಂದಯ್ಯನವರಿಗೆ. ಎಲ್ಲರೂ ನಕ್ಕರಂತೆ. ಮುಕುಂದಯ್ಯ ಕೊಟ್ಟಿದ್ದ ಬಟ್ಟೆ ಹಾಗೇ ವಾಪಸ್ ತಗೊಂಡು ಹೋದರಂತೆ.

ಇವರು ಮನೆಗೆ ಬಂದು ಊಟಕ್ಕೆ ಕೂತರು. ಮಜ್ಜಿಗೆಗೆ ಉಪ್ಪು ಜಾಸ್ತಿ ಆಗಿದೆ ಅಂದರು, ಅಷ್ಟೆ.

೧೩ ಮಾರ್ಚ್, ಶನಿವಾರ. ಬೆಳಿಗ್ಗೆ ಒಂಬತ್ತು

ಐದಕ್ಕೆ ಎದ್ದು ಕೋಟಿನ ಬಟ್ಟೆ ಹಾಸಿದೆ. ಇವರು ಅಳತೆ ಹೇಳಿದ ಹಾಗೆ ಗೆರೆ ಹಾಕಿ ಮುಗಿಸಿದ್ದೆ. ಎರಡು ಸಲ ಟೇಪಿಟ್ಟು ನೋಡಿದ್ದೆ. ಕತ್ತರಿ ತಗೊಳ್ಳೋಣ ಅಂತ ತಿರುಗಿದರೆ ಇವರು ಗೋಡೆ ಮೊಳೆಯಿಂದ ಅದನ್ನ ತೆಗೀತಿದ್ದಾರೆ.

ಕೂಗಾಡಲಿಲ್ಲ. ಕೂಗಾಡಿದ್ರೆ ಚೆನ್ನಾಗಿತ್ತು. ಬಟ್ಟೆ ಮಡಚಿದರು, ಕತ್ತರಿ ಅದರ ಮೇಲಿಟ್ಟರು. ಇನ್ನು ಅಂಗಡಿ ಕೆಲಸ ಅಂಗಡೀಲೇ ಆಗುತ್ತೆ ಅಂದರು.

ಕ್ಲಾಸು ಬಿಡ್ತೀನಿ ಬೇಕಾದ್ರೆ ಅಂದೆ. ಅದು ಬಾಯಿಂದ ಹೊರಬಿದ್ದ ಕೂಡಲೇ ಯಾಕಂದೆ ಅನ್ನಿಸ್ತು. ಬಿಡಬೇಡ, ನಡೆಸ್ಕೋ, ನಿನ್ನದು ನಿನಗೆ, ನನ್ನದು ನನಗೆ ಅಂದು ಚೀಲ ಹೆಗಲಿಗೆ ಹಾಕ್ಕೊಂಡು ಹೋದರು. ಮೇಲೆ ಟವೆಲು ಮುಚ್ಚಲಿಲ್ಲ.

ಗೆರೆ ನಾನು ಹಾಕಿದ್ದೇನೆ. ಗೆರೆ ಮೇಲೆ ಹೋದರೆ ಸಾಕು. ಅಷ್ಟಾದ್ರೂ…

೧೭ ಮಾರ್ಚ್. ಸಂಜೆ ಆರು

ನಾಲ್ಕು ದಿನ ಅಂಗಡಿಯಿಂದ ಒಂದು ಸುದ್ದಿಯೂ ಇರಲಿಲ್ಲ. ಕೇಳೋ ಧೈರ್ಯ ಆಗಲಿಲ್ಲ. ಇವತ್ತು ಮೂರು ಗಂಟೆಗೆ, ಕ್ಲಾಸಿನ ನಡುವೆ, ಮಾರಪ್ಪ ಮುಂಬಾಗಿಲಿಗೇ ಬಂದ. ಅವನು ಯಾವತ್ತೂ ಮುಂಬಾಗಿಲಿಗೆ ಬಂದವನಲ್ಲ. ಅಮ್ಮಾ, ಒಂದ್ಸಲ ಅಂಗಡಿಗೆ ಬರಬೇಕು ಅಂದ. ಹುಡುಗೀರಿಗೆ ಕಾಜಾ ಹೊಲೀತಿರಿ ಅಂತ ಹೇಳಿ ಹಾಗೇ ಹೊರಟೆ. ಚಪ್ಪಲಿ ಹಾಕಿಲ್ಲ ಅಂತ ಗೊತ್ತಾದದ್ದು ಪೇಟೆ ಮುಟ್ಟಿದ ಮೇಲೆ.

ಅಂಗಡಿ ಬಾಗಿಲು ಅರ್ಧ ಮುಚ್ಚಿತ್ತು. ಇವರು ಸ್ಟೂಲಿನ ಮೇಲೆ ಕೂತಿದ್ದರು, ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು. ಬೆನ್ನಿನ ತುಂಡು, ತೋಳು ಎರಡು — ಹೇಗೋ ಆಗಿವೆ. ಅಂಚು ಒರಟು, ಆದರೆ ಒಳಗೆ ಸೇರಿಸಬಹುದು. ನಾಲ್ಕು ದಿನ ಅದಕ್ಕೇ ತಗೊಂಡಿದ್ದಾರೆ. ಎದೆಯ ಎಡಭಾಗ ಮೇಜಿನ ಮೇಲಿತ್ತು. ಕುತ್ತಿಗೆಯಿಂದ ಕಂಕುಳಿಗೆ ಬರುವಾಗ ಕತ್ತರಿ ಗೆರೆ ಬಿಟ್ಟು ಒಳಗೆ ನುಗ್ಗಿದೆ. ಮೂರು ಬೆರಳು. ಎದೆಯ ಮಧ್ಯಕ್ಕೆ.

ಮುಟ್ಟಿ ನೋಡಿದೆ. ಉಳಿದ ಬಟ್ಟೆ ನೋಡಿದೆ. ಜೇಬಿಗೂ ಸಾಲದು.

ಇವರು ನನ್ನ ಮುಖ ನೋಡಲಿಲ್ಲ. ಮದುವೆಗೆ ಇನ್ನು ಹನ್ನೊಂದು ದಿನ ಅಂದರು. ಅದೇ ಬಟ್ಟೆ ತೀರ್ಥಹಳ್ಳಿಯಲ್ಲಿ ಇನ್ನೊಂದು ತುಂಡು ಇದ್ದರೂ ಇರಬಹುದು. ಆದರೆ ಅದಕ್ಕೆ ಮುಂಚೆ ಗೌಡ್ರ ಎದುರಿಗೆ ಹೋಗಿ ನಿಲ್ಲಬೇಕು. ಯಾರಿಗೂ ಗೊತ್ತಾಗದ ಹಾಗೆ ತಂದು ಹೊಲಿದುಬಿಡೋಣ ಅಂದ ಮಾರಪ್ಪ. ಇವರು ತಲೆ ಅಲ್ಲಾಡಿಸಿದರು. ಆ ಅಂಗಡಿಯವ ಗೌಡ್ರ ನೆಂಟನೇ ಅಂತೆ.

ನಾಳೆ ಬೆಳಿಗ್ಗೆ ಬಸ್ಸಿಗೆ ಇಬ್ಬರೂ.

೧೮ ಮಾರ್ಚ್. ಹೊಸನಗರ ಬಸ್ ಸ್ಟ್ಯಾಂಡು, ಹತ್ತೂ ಮುಕ್ಕಾಲು

ತೀರ್ಥಹಳ್ಳಿ ಬಸ್ಸು ಇನ್ನೂ ಇಲ್ಲ. ಟಯರ್ ಪಂಚರಂತೆ. ಇವರು ದೂರದ ಕಲ್ಲಿನ ಮೇಲೆ ಕೂತಿದ್ದಾರೆ. ಚೀಲ ನನ್ನ ಮಡಿಲಲ್ಲಿ. ನಮ್ಮಣ್ಣ ಮಾಸ್ತಪ್ಪನ ಮನೆ ಇಲ್ಲಿಗೆ ಎರಡು ಮೈಲಿ. ಸಂತೆಗೋ ಎಂತಕ್ಕೋ ಅವನು ಬಂದುಬಿಟ್ರೆ, ಎಲ್ಲಿಗೆ ಹೊರಟ್ರಿ ಅಂದ್ರೆ ಏನು ಹೇಳೋದು?

ಬಸ್ಸಲ್ಲಿ ಒಂದೇ ಮಾತಾಡಿದ್ದು ಇವರು. ನಾನು ಹೇಳ್ತೀನಿ, ನೀನು ಸುಮ್ಮನಿರು ಅಂತ. ತುಟಿ ಅಲ್ಲಾಡ್ತಿದೆ. ಹೇಳಬೇಕಾದ್ದನ್ನ ಈಗಿಂದಲೇ ಹೇಳಿಕೊಳ್ತಿದ್ದಾರೆ ಅಂತ ಕಾಣುತ್ತೆ.

ಬಸ್ಸು ಬಂತು.

೨೦ ಮಾರ್ಚ್. ಸಾಗರ

ಬರೀಬೇಕು. ಬರೆದ ಮೇಲಾದ್ರೂ ಇಳೀತದೋ ನೋಡಬೇಕು.

ಗೌಡ್ರ ಮನೆ ತೀರ್ಥಹಳ್ಳಿಯಿಂದ ಎರಡು ಮೈಲಿ, ನಡೆದೇ ಹೋದೆವು. ಚಪ್ಪರದ ಕಂಬ ಹುಗೀತಿದ್ದರು. ಗೌಡ್ರು ಜಗಲೀಲಿ ಕುರ್ಚಿ ಮೇಲಿದ್ದರು. ಇವರನ್ನ ನೋಡಿ ಮುಖ ಅರಳಿತು. ಬಾ ಜಯಪ್ಪ, ಮೇಲೆ ಬಾ ಅಂದರು.

ಇವರು ಹತ್ತಲಿಲ್ಲ. ಮೆಟ್ಟಿಲ ಕೆಳಗೆ ನಿಂತರು. ಕರೆದರೂ ಹತ್ತಲಿಲ್ಲ. ಅವರ ಅಪ್ಪ ನಿಲ್ತಿದ್ದದ್ದು ಅಲ್ಲೇ ಇರಬೇಕು ಅಂತ ನನಗೆ ಆಗಲೇ ಅನ್ನಿಸಿಬಿಡ್ತು. ಗೌಡ್ರೇ, ಕೋಟು… ಅಂದರು. ಮತ್ತೆ, ಕೋಟು… ಅಂದರು. ಕತ್ತಿನ ನರ ಎದ್ದು ನಿಂತಿತ್ತು. ಗೌಡ್ರು ನನ್ನ ಕಡೆ ತಿರುಗಿದರು. ಕಂಬ ಹುಗಿಯೋರೂ ತಿರುಗಿದರು.

ಚೀಲ ಬಿಚ್ಚಿ ಎಡಭಾಗದ ತುಂಡನ್ನ ಜಗಲಿ ಅಂಚಿನ ಮೇಲೆ ಹಾಸಿದೆ.

"ಕತ್ತರಿಸಿದ್ದು ನಾನು. ತಪ್ಪು ನಂದು."

ಮೊದಲೇ ಯೋಚನೆ ಮಾಡಿದ್ದಲ್ಲ. ದೇವರಾಣೆ ಮಾಡಿದ್ದಲ್ಲ. ಎರಡು ವರ್ಷ ಬಾಯಿಬಿಡದೆ ಇಟ್ಕೊಂಡದ್ದನ್ನ ಹೇಳಿದೆ. ಜ್ವರ ಬಂದಾಗಿನಿಂದ ಅಂಗಡಿ ಕಟ್ಟಿಂಗೆಲ್ಲ ನನ್ನದು, ಇದೂ ನನ್ನದೇ, ಕೈ ಜಾರಿತು ಅಂದೆ. ಸಾವಿರ ಬಟ್ಟೆ ಕತ್ತರಿಸಿದ್ದೇನೆ, ಒಂದನ್ನೂ ನನ್ನದು ಅಂದವಳಲ್ಲ. ಮೊದಲನೇ ಸಲ ನನ್ನದು ಅಂದದ್ದು ನಾನು ಕತ್ತರಿಸದೇ ಇದ್ದದ್ದನ್ನ.

ಗೌಡ್ರು ಇವರನ್ನ ನೋಡಿದರು.

"ಹೌದೇನೋ?"

ಒಂದು ಗಳಿಗೆ ಮುಂಚೆ ಜಯಪ್ಪ, ಬಾ ಅಂತಿದ್ದವರು. ಈಗ ಏನೋ.

ಇವರು ಹೇಳ್ತಾರೆ ಅಂದ್ಕೊಂಡೆ. ಕಾದೆ. ಕಂಬಕ್ಕೆ ಗುದ್ದಲಿ ಹಾಕ್ತಿದ್ದವನೂ ನಿಲ್ಲಿಸಿದ್ದ.

ಹೌದು ಅಂದರು ಇವರು. ಅಷ್ಟೆ.

ಗೌಡ್ರಿಗೆ ಸಿಟ್ಟು ಬಂದಿತ್ತು, ಕೂಗಲಿಲ್ಲ. ತೀರ್ಥಹಳ್ಳಿ ಬಟ್ಟೆ ಅಂಗಡಿಗೆ ಆಳು ಕಳಿಸಿದರು. ಅಂಗಡೀಲಿ ಆ ಬಟ್ಟೆ ಇನ್ನೂ ಒಂದು ಕೋಟಿಗಾಗುವಷ್ಟು ಇತ್ತು. ಅದು ಬರುವಷ್ಟರಲ್ಲಿ ಕತ್ತಲಾಯ್ತು, ಕೊಟ್ಟಿಗೆ ಪಕ್ಕದ ಕೋಣೇಲಿ ಮಲಗೋಕೆ ಚಾಪೆ ಕೊಟ್ಟರು. ನಿನ್ನೆ ಬೆಳಿಗ್ಗೆ ಗೌಡ್ರು ಬಟ್ಟೆ ತಂದು ನನ್ನ ಎದುರಿಗಿಟ್ಟು, ಇದನ್ನ ಇಲ್ಲೇ ಕತ್ತರಿಸಬೇಕು, ನನ್ನ ಕಣ್ಣೆದುರಿಗೆ ಅಂದರು.

ಜಗಲಿ ಮೇಲೆ ಎರಡು ಬೆಂಚು ಕೂಡಿಸಿ ಹಲಗೆ ಹಾಕಿದರು. ಮನೆ ಹೆಂಗಸರು ಬಾಗಿಲಲ್ಲಿ, ಗಂಡಸರು ಅಂಗಳದಲ್ಲಿ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲದಿಂದ ಕತ್ತರಿ ತೆಗೆದಿಟ್ಟು ಚಾಕ್ ಪೀಸು ಹಿಡಿದೆ. ಆಗ ಗೊತ್ತಾಯ್ತು, ಅಳತೆ ಚೀಟಿ ಮನೇಲೇ ಬಿಟ್ಟು ಬಂದಿದ್ದೇನೆ. ಅಷ್ಟರಲ್ಲಿ ಕೆಳಗಿನಿಂದ ಇವರ ದನಿ. ಉದ್ದ ಇಪ್ಪತ್ತೊಂಬತ್ತು. ಎದೆ ಮೂವತ್ತಾರೂವರೆ. ಭುಜ ಹದಿನೇಳು. ನನ್ನನ್ನ ನೋಡಿ ಹೇಳ್ತಿರಲಿಲ್ಲ, ನೆಲ ನೋಡಿ ಹೇಳ್ತಿದ್ದರು. ಒಂದೂ ತಡವರಿಸಲಿಲ್ಲ. ಅವರು ಹೇಳಿದ ಹಾಗೆ ನಾನು ಎಳೀತಾ ಹೋದೆ.

ಕತ್ತರಿ ಇಟ್ಟಾಗ ಉಸಿರು ಬಿಟ್ಟ ಸದ್ದು ಯಾರದೋ ಕೇಳಿಸ್ತು. ನನ್ನ ಕೈ ನಡುಗಲಿಲ್ಲ. ನಡುಗಬಾರದು ಅಂತ ಬೆನ್ನೆಲ್ಲ ಬಿಗಿದಿದ್ದೆ, ಇವತ್ತಿಗೂ ನೋಯ್ತಿದೆ. ಎಡ ಬಲ ಒಂದರ ಮೇಲೊಂದು ಇಟ್ಟು ತೋರಿಸಿದೆ. ಗೌಡ್ರು ಬೆರಳಲ್ಲಿ ಅಂಚು ಸವರಿ ನೋಡಿದರು. ಊಟ ಮಾಡ್ಕೊಂಡು ಹೋಗಿ ಅಂದು ಎದ್ದು ಹೋದರು.

ಜಗಲೀಲೇ ಎರಡು ಎಲೆ ಹಾಕಿದರು. ಇವರು ಕೂತರು. ಅನ್ನ ಕಲಸಿದರು, ತಿನ್ನೋಕೆ ಆಗಲಿಲ್ಲ.

ವಾಪಸು ಬರುವಾಗ ಕೋಣಂದೂರಲ್ಲಿ ಬಸ್ಸು ನಿಂತಿತು. ಇಳಿದು ಹೋಗಿ ಬಾಳೆಹಣ್ಣು ತಂದು ನನ್ನ ಮಡಿಲಲ್ಲಿಟ್ಟರು. ಮುಖ ನೋಡಲಿಲ್ಲ. ನಾನೂ ತಿನ್ನಲಿಲ್ಲ.

೩೧ ಮಾರ್ಚ್

ಮದುವೆ ಆಯ್ತು. ಕೋಟು ಮಾರಪ್ಪನ ಕೈಲಿ ಕಳಿಸಿದ್ದೆವು. ಚೆನ್ನಾಗಿ ಕೂತಿತ್ತಂತೆ.

ಕ್ಲಾಸಿಗೆ ಮೂರು ಜನ ಕಮ್ಮಿ. ಒಬ್ಬಳಿಗೆ ಜ್ವರ ಅಂತ ಹೇಳಿ ಕಳಿಸಿದ್ದಾರೆ, ಇಬ್ಬರು ಹೇಳಿಯೂ ಇಲ್ಲ. ಗೌಡ್ರ ಮನೆ ಕೋಟು ಕೆಡಿಸಿದವಳು ಅಂತ ಸುದ್ದಿ ಬಸ್ಸಿಗಿಂತ ಮುಂಚೆ ಬಂದಿದೆ. ಅಂಗಡೀಲೂ ಗಂಡಸರು ಕಮ್ಮಿ ಅಂದ ಮಾರಪ್ಪ. ಇವರು ದಿನಾ ಹೋಗಿ ಬಾಗಿಲು ತೆಗೆದು ಕೂತು ಬರ್ತಾರೆ. ನಾನು ಕತ್ತರಿಸಿಕೊಟ್ಟದ್ದನ್ನ ತಗೊಂಡು ಹೋಗ್ತಾರೆ, ಈಗ ಟವೆಲು ಇಲ್ಲ.

ಸರೋಜ ಇವತ್ತು ಬಂದಳು, ಅಣ್ಣನ ಮದುವೆಯಿಂದ. ಎಲ್ಲರೂ ಹೋದ ಮೇಲೆ ನಿಂತಳು.

"ಆ ಕೆಟ್ಟ ತುಂಡು ಮನೇಲೇ ಇತ್ತು ಅಕ್ಕ, ನೋಡಿದೆ. ಅದು ನಿಮ್ಮ ಕೈಯದ್ದಲ್ಲ."

ಸುಮ್ಮನಿರು ಅಂದೆ. ಅಪ್ಪನಿಗೆ ಹೇಳ್ಲಾ ಅಂದಳು. ಹೇಳಿದ್ರೆ ನಾಳೆಯಿಂದ ಈ ಬಾಗಿಲಿಗೆ ಬರಬೇಡ ಅಂದೆ. ಅಷ್ಟು ಗಟ್ಟಿಯಾಗಿ ನಾನು ಯಾರಿಗೂ ಹೇಳಿದವಳಲ್ಲ. ಅವಳ ಕಣ್ಣು ತುಂಬಿತು.

೫ ಏಪ್ರಿಲ್

ವರದಮ್ಮ ಬಂದು ದಿನ ಹೇಳಿದರು. ಇಪ್ಪತ್ತೇಳಕ್ಕೆ ಮುಖ್ಯಸೇವಿಕೆ ಬರ್ತಾರೆ. ಎಂಟು ಜನ ಇರಲೇಬೇಕು, ಹೇಗಾದ್ರೂ ಮಾಡು ಯಮುನಮ್ಮ ಅಂದರು. ಅವರು ಇನ್ನೂ ಕೂತಿದ್ದಾಗಲೇ ಗುತ್ಯಮ್ಮ ಬಂದಳು. ಮಗಳ ಕೈಯಿಂದ ಹೊಲೀತಿದ್ದ ಫ್ರಾಕು ತೆಗೆದು ಮೇಜಿನ ಮೇಲಿಟ್ಟಳು.

ಅವಳು ಹೇಳಿದ್ದನ್ನ ಪೂರ್ತಿ ಬರೆಯಲ್ಲ. ಗಂಡನ ಹೆಸರಲ್ಲಿ ಊರಿಗೆ ಟೋಪಿ ಹಾಕಿದವಳು, ಕೊನೆಗೆ ಗಂಡನ ಮಾನವನ್ನೂ ತೆಗೆದವಳು, ನನ್ನ ಮಗಳಿಗೆ ಇವಳ ಹತ್ರ ಕಲಿಯೋದು ಎಂತ ಇದೆ ಅಂತ. ಮೀನಾಕ್ಷಿ ಅಳ್ತಾ ಹೋದಳು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ರೆ ಒಂದೇ ಮಾತು ಸಾಕಿತ್ತು.

ಒಳಗೆ ಬಂದು ನೋಡಿದ್ರೆ ಹಿತ್ತಲ ಬಾಗಿಲಲ್ಲಿ ಇವರು. ತಲೆನೋವು ಅಂತ ಬೇಗ ಬಂದಿದ್ದರು. ಎಷ್ಟು ಕೇಳಿದರೋ. ನೀರು ಕುಡಿದು, ಚಪ್ಪಲಿ ಮೆಟ್ಟಿ, ಬಂದ ದಾರೀಲೇ ವಾಪಸು ಹೋದರು.

ಈಗ ನಾಲ್ಕು ಜನ.

೭ ಏಪ್ರಿಲ್. ಸಂಜೆ

ಮಾರಪ್ಪ ದಾರದ ರೀಲು ತಗೊಳ್ಳೋಕೆ ಬಂದವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಅಮ್ಮಾ, ನಿಮಗೆ ಗೊತ್ತಾ ಅಂದ. ನನಗೆ ಏನು ಗೊತ್ತಿರುತ್ತೆ.

ಇವತ್ತು ಸಂತೆ. ಅಂಗಡಿ ಮುಂದೆ ಜನ. ಮುಕುಂದಯ್ಯ ಬಂದಿದ್ದಾರೆ, ಇನ್ನೂ ಐದಾರು ಜನ. ಗುತ್ಯಮ್ಮನ ಗಂಡನೂ ಇದ್ದ. ಯಾರೋ ಗೌಡ್ರ ಕೋಟಿನ ಮಾತು ತೆಗೆದರಂತೆ. ಹೆಂಡ್ತಿ ಕೈಗೆ ಕತ್ತರಿ ಕೊಟ್ಟರೆ ಹಾಗೇ ಆಗೋದು ಅಂತ. ಇವರು ಸ್ಟೂಲಿನಿಂದ ಎದ್ದರಂತೆ. ಮೇಜಿನ ಮೇಲಿದ್ದ ತುಂಡು ಬಟ್ಟೆ ಹಾಸಿ, ಚಾಕ್ ಪೀಸಿನಲ್ಲಿ ಒಂದು ಗೆರೆ ಎಳೆಸಿದರಂತೆ ಮಾರಪ್ಪನ ಕೈಲಿ. ನೋಡಿ ಅಂದು ಕತ್ತರಿ ತಗೊಂಡು ಆ ಗೆರೆ ಮೇಲೆ ಕತ್ತರಿಸಿದರಂತೆ. ಎಲ್ಲರ ಎದುರಿಗೆ. ಕತ್ತರಿ ಎರಡು ಸಲ ಗೆರೆ ಬಿಟ್ಟಿತು.

"ಆ ಕೋಟು ಕೆಡಿಸಿದ್ದು ಈ ಕೈ. ಅವಳು ತನ್ನ ಮೇಲೆ ಹಾಕ್ಕೊಂಡಳು. ನಾನು ಹಾಕ್ಕೊಳ್ಳೋಕೆ ಬಿಟ್ಟೆ."

ಮಾರಪ್ಪ ಅದನ್ನ ಇವರ ದನೀಲೇ ಹೇಳಿದ. ಹೇಳಿ ಕಣ್ಣೊರೆಸಿಕೊಂಡ. ಮುಕುಂದಯ್ಯ ಎದ್ದು ಹೋದರಂತೆ. ಇಬ್ಬರು ಅಲ್ಲೇ ಕೂತಿದ್ದರಂತೆ ಬಹಳ ಹೊತ್ತು, ಎಲೆಅಡಿಕೆ ಹಾಕ್ಕೊಂಡು, ಬೇರೆ ಮಾತಾಡ್ಕೊಂಡು.

ಇವರು ಬಂದರು. ಕೈಕಾಲು ತೊಳೆದರು. ನಾನು ನೋಡ್ತಾನೇ ಇದ್ದೆ. ಸಂತೇಲಿ ಬದನೆಕಾಯಿ ಚೆನ್ನಾಗಿರಲಿಲ್ಲ ಅಂದರು.

೮ ಏಪ್ರಿಲ್. ಮಧ್ಯಾಹ್ನ

ಊಟ ಮುಗಿದ ಮೇಲೆ ಕೇಳಿಯೇ ಬಿಟ್ಟೆ. ನಿನ್ನೆ ಅಂದದ್ದನ್ನ ಆವತ್ತು ಗೌಡ್ರ ಅಂಗಳದಲ್ಲಿ ಯಾಕೆ ಅನ್ನಲಿಲ್ಲ ಅಂತ. ಇಪ್ಪತ್ತೊಂದು ದಿನದಿಂದ ಗಂಟಲಲ್ಲಿ ಇಟ್ಕೊಂಡದ್ದು.

ಕೈ ತೊಳೀದೆ ಎಲೆ ಮುಂದೆ ಕೂತೇ ಇದ್ದರು. ಅನ್ನ ಬೆರಳಲ್ಲೇ ಒಣಗಿತು.

"ನೀನು ಅಷ್ಟು ಬೇಗ ಹೇಳಿಬಿಡ್ತೀಯ ಅಂತ ಗೊತ್ತಿರಲಿಲ್ಲ. ನೀನು ಹೇಳಿದ ಕೂಡಲೇ ನನಗೆ ಹಗುರ ಆಯ್ತು, ಯಮುನಾ. ಹಗುರ ಆಯ್ತಲ್ಲ, ಅದೇ… ಅದನ್ನ ಇಟ್ಕೊಂಡು ನಿನ್ನ ಮುಖ ನೋಡೋಕೆ ಆಗ್ತಿರಲಿಲ್ಲ."

ನನಗೆ ಸಿಟ್ಟು ಬಂತು. ಅಳುವೂ ಬಂತು. ಯಾವುದು ಮೊದಲು ಬಂತೋ ಗೊತ್ತಿಲ್ಲ. ನಾನು ಕಾದಿದ್ದೆ ಅಂದೆ, ಅಲ್ಲಿ, ನೀವು ಹೇಳ್ತೀರಿ ಅಂತ ನಿಂತು ಕಾದಿದ್ದೆ. ಗೊತ್ತು ಅಂದರು. ಕ್ಷಮಿಸು ಅನ್ನಲಿಲ್ಲ. ಅಂದಿದ್ರೆ ನಾನೇನು ಹೇಳ್ತಿದ್ದೆನೋ.

ಇವತ್ತು ಅಂಗಡಿಗೆ ಹೋಗಿಲ್ಲ. ಒಳಗೆ ಕೂತು ಬೆಲ್ಟು ಸಡಿಲ ಇರೋ ಆ ಮಷೀನನ್ನ ನೋಡ್ತಿದ್ದಾರೆ. ಇದಕ್ಕೆ ಹೊಸ ಬೆಲ್ಟೇ ಬೇಕು, ಇಪ್ಪತ್ತೇಳಕ್ಕೆ ಮುಂಚೆ ಆಗಬೇಕಲ್ಲ ಅಂದರು. ನಾಲ್ಕೇ ಜನಕ್ಕೆ ಒಂದೇ ಮಷೀನು ಸಾಕು ಅಂದೆ. ಟೇಪು ತೆಗೆದು ಬೆಲ್ಟಿನ ಅಳತೆ ತಗೊಂಡರು.

ಎರಡು ಆಯ್ತು. ಸರೋಜ ಬಂದಿದ್ದಾಳೆ, ಉಳಿದ ಮೂವರೂ ಬಂದಿದ್ದಾರೆ. ಪೇಪರ್ ಹಾಸ್ತಿದ್ದಾರೆ. ಇಷ್ಟು ಬರೆದು ಎದ್ದು ಹೋಗಬೇಕು. ಇವತ್ತು ಕಾಲರ್ ಹೇಳ್ಕೊಡೋದು.

ಮುಂಬಾಗಿಲಲ್ಲಿ ಯಾರೋ. ಗುತ್ಯಮ್ಮ. ಒಳಗೆ ಬರ್ತಿಲ್ಲ, ಹೊಸ್ತಿಲಾಚೆ ನಿಂತಿದ್ದಾಳೆ. ಮಗಳೂ ಜೊತೆಗಿದ್ದಾಳೆ, ಕೈಯಲ್ಲಿ ಸೂಜಿ ದಾರದ ಡಬ್ಬಿ. ಇವರು ಎದ್ದು ಬಾಗಿಲಿಗೆ ಹೋಗ್ತಿದ್ದಾರೆ, ನಾನು ಹೋಗೋಕೆ ಮುಂಚೆ.